ಹೊಸಬ ಬಂದರೆ ಕಡಿಯುವ 10 ಎಳೆಗಳು

ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದಲ್ಲಿ ಚೆಂಡು ಒದೆಯುವ ಕೆಲಸ ನಮ್ಮದಲ್ಲ. ಆಟಗಾರರನ್ನು ಕೊಳ್ಳುವುದು, ಮಾರುವುದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು, ಆಮೇಲೆ ಪರದೆಯ ಮುಂದೆ ಕೂತು ಉಗುರು ಕಚ್ಚುವುದು, ಇಷ್ಟೇ. ಒಂದು ಸೀಸನ್‌ನಲ್ಲಿ ನನ್ನ ತಂಡ ನಾಲ್ಕನೇ ಸ್ಥಾನಕ್ಕೆ ಬಂತು. ಬಜೆಟ್ ಏರಿತು. ಏರಿದ್ದೇ ತಡ, ಒಂದೇ ಟ್ರಾನ್ಸ್‌ಫರ್ ವಿಂಡೋದಲ್ಲಿ (ಆಟಗಾರರನ್ನು ಕೊಳ್ಳಲು, ಮಾರಲು ಅವಕಾಶವಿರುವ ಅವಧಿ) ಐವರನ್ನು ತಂದೆ. ಈ ಆಟದಲ್ಲಿ ಪ್ರತಿ ಆಟಗಾರನ ಕೌಶಲಗಳಿಗೂ 1ರಿಂದ 20ರವರೆಗೆ ಅಂಕ ಇರುತ್ತದೆ. ಐವರ ಅಂಕಗಳೂ ಅವರು ತುಂಬಲಿದ್ದ ಜಾಗದ ಹಳಬರಿಗಿಂತ ಎರಡು ಮೂರು ಹೆಚ್ಚೇ ಇದ್ದವು.

ಮೊದಲ ಏಳು ಪಂದ್ಯಗಳಲ್ಲಿ ಐದು ಸೋತೆವು.

ಅದರಲ್ಲೊಂದು ಗೋಲನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ನನ್ನ ಹೊಸ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಕ) ಚೆಂಡಿನ ಜೊತೆ ಮುಂದಕ್ಕೆ ಓಡುತ್ತಾನೆ. ಅವನ ಬೆನ್ನಿಗೆ ಖಾಲಿಯಾದ ಜಾಗಕ್ಕೆ ಸೆಂಟರ್ ಬ್ಯಾಕ್ (ನಡುವಿನ ರಕ್ಷಕ) ಸರಿಯಬೇಕು. ಅವನೂ ಹೊಸಬ, ನಿಂತಲ್ಲೇ ನಿಂತಿದ್ದಾನೆ. ಮಿಡ್‌ಫೀಲ್ಡರ್, ಸೆಂಟರ್ ಬ್ಯಾಕ್ ಸರಿಯುತ್ತಾನೆಂದುಕೊಂಡು, ಸುಮ್ಮನಿದ್ದಾನೆ. ಚೆಂಡು ಕೈತಪ್ಪುತ್ತದೆ, ಎದುರಾಳಿಯ ವಿಂಗರ್ (ಬದಿಯಿಂದ ದಾಳಿ ಮಾಡುವವ) ಆ ಖಾಲಿ ಪಟ್ಟಿಯಲ್ಲಿ ಒಬ್ಬನೇ ಓಡುತ್ತಾನೆ. ಮೂವರಲ್ಲಿ ಯಾರೊಬ್ಬರೂ ಕೆಟ್ಟ ಆಟಗಾರರಲ್ಲ. ತಪ್ಪು ಅವರ ನಡುವೆ ಎಲ್ಲೋ ಇತ್ತು.

ಈ ‘ನಡುವೆ’ ಎಂಬುದನ್ನು ಲೆಕ್ಕ ಹಾಕಬಹುದು. ಮೈದಾನದಲ್ಲಿ 11 ಜನ ಇದ್ದರೆ ಅವರ ನಡುವೆ ಎಷ್ಟು ಜೋಡಿಗಳು, ಅಂದರೆ ಎಷ್ಟು ಎಳೆಗಳಾಗುತ್ತವೆ? 11ನ್ನು 10ರಿಂದ ಗುಣಿಸಿ, ಅರ್ಧ ಮಾಡಿ: 55. ಒಬ್ಬನನ್ನು ಬದಲಿಸಿದರೆ 10 ಜೋಡಿಗಳು ಹೊಸದಾಗಿ ಕೂಡಬೇಕು. ಇಬ್ಬರಾದರೆ 19. ಮೂವರಾದರೆ 27, ಅಂದರೆ ಹೆಚ್ಚುಕಡಿಮೆ ಅರ್ಧ. ನನ್ನ ಹಾಗೆ ಐವರನ್ನು ಬದಲಿಸಿದವರಿಗೆ 55ರಲ್ಲಿ ಉಳಿಯುವ ಹಳೆಯ ಜೋಡಿಗಳು 15 ಮಾತ್ರ. ತಂಡದಲ್ಲಿ ಇನ್ನೂ ಆರು ಜನ ಹಳಬರಿದ್ದಾರಲ್ಲ ಎಂದುಕೊಂಡಿದ್ದೆ. ತಲೆ ಎಣಿಸಿದ್ದೆ, ಎಳೆ ಎಣಿಸಿರಲಿಲ್ಲ.

ಎಲ್ಲ ಎಳೆಗಳ ತೂಕವೂ ಒಂದೇ ಅಲ್ಲ. ಗೋಲ್‌ಕೀಪರ್‌ಗೂ ಸ್ಟ್ರೈಕರ್‌ಗೂ ಇಡೀ ಪಂದ್ಯದಲ್ಲಿ ಅಷ್ಟೇನೂ ವ್ಯವಹಾರವಿಲ್ಲ. ಇಬ್ಬರು ಸೆಂಟರ್ ಬ್ಯಾಕ್‌ಗಳದ್ದು ಹಾಗಲ್ಲ. ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ, ಅಂದರೆ ನಿಯಮ ಮೀರಿ ಮುಂದೆ ನಿಂತ ಸ್ಥಿತಿಯಲ್ಲಿ, ಸಿಕ್ಕಿಸಲು ಒಟ್ಟಿಗೇ ಹೆಜ್ಜೆ ಮುಂದಿಡಬೇಕು, ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೆ ಮುಗಿಯಿತು. ಆದ್ದರಿಂದ ಒಬ್ಬ ಸೆಂಟರ್ ಬ್ಯಾಕ್ ಮತ್ತು ಒಬ್ಬ ವಿಂಗರ್‌ನನ್ನು ತರುವುದು ಒಂದು ಲೆಕ್ಕ. ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು ಒಟ್ಟಿಗೆ ಬದಲಿಸುವುದು ಬೇರೆಯೇ ಲೆಕ್ಕ. ಸಂಖ್ಯೆ ಎರಡೇ ಆದರೂ ಅಪಾಯ ಒಂದೇ ಅಲ್ಲ.

ಗುಂಪುಗಳ ಮನಃಶಾಸ್ತ್ರದಲ್ಲಿ ಐವನ್ ಸ್ಟೈನರ್ 1972ರಲ್ಲೇ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದರು: ಗುಂಪಿನ ನಿಜವಾದ ಸಾಧನೆ ಎಂದರೆ ಅದರ ಸಾಮರ್ಥ್ಯದಿಂದ ಹೊಂದಾಣಿಕೆಯಲ್ಲಿ ಸೋರಿಹೋದದ್ದನ್ನು ಕಳೆದರೆ ಉಳಿಯುವುದು. ನಾನು ದುಡ್ಡು ಕೊಟ್ಟು ಸಾಮರ್ಥ್ಯವನ್ನೇನೋ ಏರಿಸಿದ್ದೆ, ಜೊತೆಗೆ ಸೋರಿಕೆಯನ್ನು ಅದಕ್ಕಿಂತ ಹೆಚ್ಚು ಏರಿಸಿದ್ದೆ.

ಇದಕ್ಕೆ ನನಗೆ ತುಂಬ ಹಿಡಿಸಿದ ಸಾಕ್ಷಿ ಸಿಕ್ಕಿದ್ದು ಫುಟ್‌ಬಾಲ್‌ನಲ್ಲಲ್ಲ, ಆಪರೇಷನ್ ಥಿಯೇಟರ್‌ನಲ್ಲಿ. ಹೃದಯದ ಬೈಪಾಸ್ ಮಾಡುವ ಸರ್ಜನ್‌ಗಳು ಹಲವು ಆಸ್ಪತ್ರೆಗಳಲ್ಲಿ ಕೆಲಸ ಮಾಡುವುದುಂಟು. ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೊ ಅಮೆರಿಕದ ಅಂಥ ಸರ್ಜನ್‌ಗಳ ದಾಖಲೆಗಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದ ಸರ್ಜನ್‌ನ ಫಲಿತಾಂಶ ಆ ಆಸ್ಪತ್ರೆಯಲ್ಲಿ ಸುಧಾರಿಸುತ್ತಿತ್ತು. ಅದೇ ಸರ್ಜನ್ ಬೇರೆ ಆಸ್ಪತ್ರೆಗೆ ಹೋದರೆ ಆ ಸುಧಾರಣೆ ಜೊತೆಗೆ ಹೋಗುತ್ತಿರಲಿಲ್ಲ. ಕೈ ಅದೇ, ಕತ್ತರಿ ಅದೇ ಬಗೆಯದು. ಬದಲಾಗಿದ್ದು ಪಕ್ಕದಲ್ಲಿ ನಿಂತ ಅರಿವಳಿಕೆ ತಜ್ಞರು, ನರ್ಸ್‌ಗಳು, ಅಲ್ಲಿನ ರೂಢಿಗಳು. ‘ಅಂಕ 17’ ಎಂದು ನಾವು ಆಟಗಾರನಿಗೆ ಹಚ್ಚುವ ಚೀಟಿಯ ಒಂದು ಪಾಲು ಅವನ ಹಳೆಯ ತಂಡಕ್ಕೆ ಸೇರಿದ್ದು ಎಂದು ಆಮೇಲೆ ನನಗನಿಸತೊಡಗಿತು.

ಮೈದಾನದ ಉದಾಹರಣೆಯೇ ಬೇಕೆಂದರೆ ಲೆಫ್ಟ್ ಬ್ಯಾಕ್ ಪ್ಯಾಟ್ರಿಸ್ ಎವ್ರಾ ಇದ್ದಾರೆ. 2006ರ ಜನವರಿಯಲ್ಲಿ ಮೊನಾಕೊದಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದವರನ್ನು ಮೊದಲ ಪಂದ್ಯಕ್ಕೇ, ಅದೂ ಮ್ಯಾಂಚೆಸ್ಟರ್ ಸಿಟಿ ಎದುರಿನ ಡರ್ಬಿಗೆ (ಒಂದೇ ಊರಿನ ತಂಡಗಳ ಪಂದ್ಯಕ್ಕೆ), ಇಳಿಸಲಾಯಿತು. ಅರ್ಧ ಸಮಯಕ್ಕೇ ಹೊರಗೆ ಕೂರಿಸಿದರು. ಯುನೈಟೆಡ್ 3-1ರಿಂದ ಸೋತಿತು. ಅದೇ ಎವ್ರಾ ಮುಂದೆ ಆ ಕ್ಲಬ್‌ನಲ್ಲಿ ಐದು ಲೀಗ್ ಪ್ರಶಸ್ತಿ ಗೆದ್ದರು. ನನ್ನ ಕೈಯಲ್ಲಿದ್ದಿದ್ದರೆ ಮುಂದಿನ ವಿಂಡೋದಲ್ಲೇ ಮಾರಿಬಿಡುತ್ತಿದ್ದೆನೋ ಏನೋ.

ಆಟ ಇದನ್ನೆಲ್ಲ ಹೇಗೆ ಅಳೆಯುತ್ತದೆ? ಎರಡು ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿದೆ. ಒಂದು, ತಂತ್ರದ ಪರಿಚಯ: ನೀವು ಹೇಳಿಕೊಟ್ಟ ಆಟದ ರೀತಿ ಎಷ್ಟು ರೂಢಿಯಾಗಿದೆ ಎಂಬುದು. ಅಭ್ಯಾಸ, ಪಂದ್ಯಗಳಿಂದ ಇದು ತುಂಬುತ್ತದೆ, ತಂತ್ರ ಬದಲಿಸಿದರೆ ಕುಸಿಯುತ್ತದೆ. ಇನ್ನೊಂದು, ಒಗ್ಗಟ್ಟು. 2018ರ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಪುಟವೇ ಬಂತು. ತಂಡದಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದೂ ಅಲ್ಲಿ ಕಾಣುತ್ತದೆ. ಹೊಸಬ ಸಾಮಾನ್ಯವಾಗಿ ಅಂಚಿನಲ್ಲಿರುತ್ತಾನೆ. ಅವನ ಭಾಷೆಯವರು ಒಬ್ಬಿಬ್ಬರಿದ್ದರೆ ಬೇಗ ಒಳಗೆ ಬರುತ್ತಾನೆ. ಯಾರೂ ಇಲ್ಲದಿದ್ದರೆ ಭಾಷಾ ತರಗತಿಗೆ ಕಳಿಸಬಹುದು. ಪರದೇಶಕ್ಕೆ ಒಗ್ಗಿಕೊಳ್ಳುವ ಗುಣಕ್ಕೂ ಒಂದು ಅಂಕ ಇದೆ, ಆದರೆ ಅದನ್ನು ನಮಗೆ ನೇರವಾಗಿ ತೋರಿಸುವುದಿಲ್ಲ. ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ನ ವರದಿಯ ಒಂದು ಸಾಲಿನಲ್ಲಿ ಸುಳಿವು ಸಿಗುತ್ತದೆ. ಆ ಸಾಲನ್ನು ನಾನು ಓದಿಯೇ ಇರಲಿಲ್ಲ.

ನನ್ನ ತಕರಾರು ಒಂದಿದೆ. ಆಟ ಒಗ್ಗಟ್ಟನ್ನು ಇಡೀ ತಂಡಕ್ಕೆ ಒಂದೇ ಅಳತೆಯಾಗಿ ತೋರಿಸುತ್ತದೆ. ನಿಜವಾದ ತಂಡದಲ್ಲಿ ಬಲಬದಿ ಗಡಿಯಾರದಂತೆ ನಡೆಯುತ್ತಿದ್ದರೂ ಎಡಬದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಬಹುದು. ಆದರೂ ಹೊಸಬರನ್ನು ಒಬ್ಬೊಬ್ಬರಾಗಿ ಇಳಿಸುವುದು, ಅವರು ಬಂದ ತಿಂಗಳಲ್ಲೇ ತಂತ್ರವನ್ನೂ ಬದಲಿಸದಿರುವುದು, ಸೀಸನ್‌ಗೆ ಮುಂಚಿನ ಸೌಹಾರ್ದ ಪಂದ್ಯಗಳಲ್ಲಿ ಮುಖ್ಯ ಹನ್ನೊಂದು ಜನರನ್ನೇ ಹೆಚ್ಚು ಹೊತ್ತು ಆಡಿಸುವುದು ಆಟದಲ್ಲೂ ನಿಜವಾದ ತಂಡದಲ್ಲೂ ನಡೆಯುವ ಉಪಾಯಗಳೇ.

ಇನ್ನೊಂದು ಎಡವಟ್ಟು ನನಗೆ ಹೊಳೆದದ್ದು ತಡವಾಗಿ. ಬಂದವರನ್ನಷ್ಟೇ ನೋಡಿದ್ದೆ, ಹೋದವರನ್ನಲ್ಲ. ಜಾಗ ಮಾಡಲು ಮಾರಿದವರಲ್ಲಿ 33 ವರ್ಷದ ನಾಯಕನೂ ಇದ್ದ. ವೇಗ 8, ಬೆಂಚಿಗೂ ಭಾರ ಎಂದುಕೊಂಡಿದ್ದೆ. ಅವನು ಹೋದ ದಿನ ಡ್ರೆಸಿಂಗ್ ರೂಮಿನ ಮೂವರು ಬೇಸರ ತೋಡಿಕೊಳ್ಳಲು ನನ್ನ ಬಳಿ ಬಂದರು. ಗಡಿಬಿಡಿಯಲ್ಲಿ ‘ಆಯಿತು’ ಒತ್ತಿ ಮುಂದೆ ಹೋದೆ. ಈಗ ಹೊಸ ಸೇವ್, ಅಂದರೆ ಮೊದಲಿನಿಂದ ಹೊಸ ಆಟ, ಶುರು ಮಾಡಿದ್ದೇನೆ. ಮೊದಲ ಬೇಸಿಗೆಯಲ್ಲಿ ಒಬ್ಬನನ್ನಷ್ಟೇ ಕೊಂಡೆ. ಹಳೆಯ ನಾಯಕನಿಗೆ ಇನ್ನೊಂದು ವರ್ಷದ ಕರಾರು ಕೊಟ್ಟಿದ್ದೇನೆ. ಡಿಸೆಂಬರ್‌ವರೆಗೆ ಅವನು ಆಡಿದ್ದು ಆರೇ ಪಂದ್ಯ.