ಎಫ್‌ಎಂ ಹಾಡು ಬದಲಾಗುವುದು ಯಾರ ಲೆಕ್ಕದಲ್ಲಿ?

ಬೆಂಗಳೂರಿನ ಎಫ್‌ಎಂ ನಿಲಯವೊಂದರಲ್ಲಿ ಹಾಡಿನ ಪಟ್ಟಿ ಹಾಕುತ್ತಿದ್ದವನು ನಾನು. ಈಗ ಕೋಲಾರದಲ್ಲಿದ್ದುಕೊಂಡು ವ್ಯಾಪಾರಸ್ಥರಿಗೆ ರೇಡಿಯೊ ಜಾಹೀರಾತು ಮಾಡಿಸಿಕೊಡುತ್ತೇನೆ. ಡೂಂಲೈಟ್ ವೃತ್ತದ ಸುತ್ತಲಿನ ಅಂಗಡಿಯವರು ದರ ವಿಚಾರಿಸುವ ಮೊದಲೇ ಕೇಳುತ್ತಾರೆ: ‘ಹಿಂದಿ ಹಾಕುತ್ತಿದ್ದ ಸ್ಟೇಷನ್‌ಗಳು ಕನ್ನಡಕ್ಕೆ ಬಂದವಲ್ಲ ಸ್ವಾಮಿ, ಜನ ಗಲಾಟೆ ಮಾಡಿದ್ದಕ್ಕೋ?’ ಗಲಾಟೆಯ ಪಾಲೂ ಇದೆ. ಲೆಕ್ಕದ ಪಾಲು ಅದಕ್ಕಿಂತ ದೊಡ್ಡದು.

2001ರ ಜುಲೈನಲ್ಲಿ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಬೆಂಗಳೂರಿನಲ್ಲಿ ಆರಂಭವಾದಾಗ ಎದುರಿಗೆ ಬೇರೆ ಖಾಸಗಿ ನಿಲಯವೇ ಇರಲಿಲ್ಲ. ಇಂಗ್ಲಿಷ್, ಹಿಂದಿ, ಕನ್ನಡ ಎಲ್ಲವನ್ನೂ ಕಲಸಿ ಬಡಿಸಿದರೂ ನಡೆಯುತ್ತಿತ್ತು. ಆದರೆ ವ್ಯಾಪಾರವಾಗಲಿ ಬಿಡಲಿ ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಕೇಂದ್ರ ಸರ್ಕಾರದ 2005ರ ನೀತಿ ಆ ಹೊರೆ ಇಳಿಸಿ, ಸಾಮಾನ್ಯವಾಗಿ ಆದಾಯದ ಶೇ 4ರ ಪಾಲು ಕೊಟ್ಟರೆ ಸಾಕೆಂದಿತು. 2006ರಿಂದ ಸಾಲುಸಾಲಾಗಿ ನಿಲಯಗಳು ಬಂದವು, ಕೇಳುಗರು ಹಂಚಿಹೋದರು. ಇಂಡಿಗೊ ಎಂಬ ನಿಲಯ ಇಂಗ್ಲಿಷ್ ಹಾಡು ಹಿಡಿಯಿತು. ಉಳಿದವರ ಕಣ್ಣು ಕನ್ನಡ ಹಾಡು ಕೇಳುವ ದೊಡ್ಡ ಗುಂಪಿನ ಮೇಲೆ.

ಎಲ್ಲರೂ ಒಂದೇ ಗುಂಪಿನ ಹಿಂದೆ ಬಿದ್ದದ್ದಕ್ಕೆ ನಿಯಮವೂ ಕಾರಣ. ಆಗ ಒಂದು ಸಂಸ್ಥೆಗೆ ಒಂದು ಊರಿನಲ್ಲಿ ಒಂದೇ ನಿಲಯ. ಇರುವ ಒಂದೇ ನಿಲಯದಲ್ಲಿ ಭಾವಗೀತೆಯನ್ನೋ ಹಳೆಯ ಹಾಡನ್ನೋ ನಂಬಿ ಕೂರುವ ಧೈರ್ಯ ಯಾವ ಮಾಲೀಕನಿಗಿದ್ದೀತು? ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಅಮೃತವರ್ಷಿಣಿಯನ್ನು ನಡೆಸಲು ಆಕಾಶವಾಣಿಯೇ ಬೇಕಾಯಿತು. 2011ರ ನೀತಿ ದೊಡ್ಡ ನಗರಗಳಲ್ಲಿ ಒಂದಕ್ಕಿಂತ ಹೆಚ್ಚು ನಿಲಯ ಹೊಂದಲು ಬಿಟ್ಟ ಮೇಲೆಯೇ ಒಂದೇ ಸಂಸ್ಥೆ ಎರಡು ಬಗೆಯ ಹಾಡಿಗೆ ಕೈಹಾಕಲು ದಾರಿಯಾಯಿತು.

ಯಾವ ಬಗೆಯ ಹಾಡು ಹಾಕಬೇಕೆಂಬ ಕ್ರಮಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ನಿಲಯದ ಒಳಗೆ ಅದೆಂದರೆ ‘ಕ್ಲಾಕ್’: ಒಂದು ಗಂಟೆಯ ನಕ್ಷೆ. ಎಂಟು ಗಂಟೆಗೆ ಸರಿಯಾಗಿ ಆ ವಾರದ ಜೋರಿನ ಹಾಡು, ನಿಲಯದ ಜಿಂಗಲ್, ಆರ್‌ಜೆಯ ಮಾತು, ಇನ್ನೊಂದು ಹಾಡು, ಆಮೇಲೆ ಜಾಹೀರಾತು. ಜೋರಿನ ಹಾಡು ಕೆಲವೇ ಗಂಟೆಗಳಲ್ಲಿ ಮತ್ತೆ ಬರುತ್ತದೆ. ಹಳೆಯದಕ್ಕೆ ದಿನಗಟ್ಟಲೆ ಸರದಿ. ಒಂದೇ ಗಾಯಕನ ಎರಡು ಹಾಡು ಬೆನ್ನುಬೆನ್ನಿಗೆ ಬಾರದಂತೆ ಕಂಪ್ಯೂಟರ್ ತಡೆಯುತ್ತದೆ. ಫಾರ್ಮ್ಯಾಟ್ ಬದಲಾಯಿತೆಂದರೆ ಈ ನಕ್ಷೆಯನ್ನು ಹರಿದು ಹೊಸದು ಬರೆದರೆಂದು ಅರ್ಥ. ಆರ್‌ಜೆಗೆ ಕೆಲವೊಮ್ಮೆ ಹಿಂದಿನ ದಿನವಷ್ಟೇ ತಿಳಿಯುತ್ತದೆ!

ನಕ್ಷೆ ಹರಿದುಹಾಕುವ ನಿರ್ಧಾರಕ್ಕೆ ಆಧಾರ ಕೇಳುಗರ ಸಮೀಕ್ಷೆ. 2007ರಲ್ಲಿ ಬಂದ ‘ರ್‍ಯಾಮ್’ನಲ್ಲಿ ಬೆಂಗಳೂರು ನಗರದ ಆಯ್ದ ಕೇಳುಗರು ಯಾವ ಹೊತ್ತಿನಲ್ಲಿ ಯಾವ ನಿಲಯ ಕೇಳಿದೆವೆಂದು ಡೈರಿಯಲ್ಲಿ ಬರೆಯುತ್ತಿದ್ದರು. ಜಾಹೀರಾತು ಏಜೆನ್ಸಿಗಳು ನೋಡುತ್ತಿದ್ದುದು ಆ ಅಂಕಿಯನ್ನು. ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಹೊರಡುವ ಚಾಲಕ ಬೆಂಗಳೂರು ದಾರಿಯ ನರಸಾಪುರ ದಾಟುತ್ತಿದ್ದಂತೆ ಎಫ್‌ಎಂ ಹಾಕುತ್ತಾನೆ, ಊರು ತಲುಪುವವರೆಗೂ ಆರಿಸುವುದಿಲ್ಲ. ಅಂಥ ನಿಷ್ಠಾವಂತ ಕೇಳುಗ ಅವನು. ಆದರೂ ಡೈರಿ ಅವನ ಕೈಗೆ ಬರಲಿಲ್ಲ.

ಹಾಗಾಗಿ ನಮ್ಮ ವ್ಯಾಪಾರಸ್ಥರಿಗೆ ನಾನು ಹೇಳುವುದಿಷ್ಟು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಬೆಟ್ಟ ಅಡ್ಡ ಬಂದರೆ ಸೊರಗುತ್ತದೆ. ಹತ್ತು ಸೆಕೆಂಡಿಗೆ ಇಷ್ಟೆಂದು ನೀವು ಕಟ್ಟುವ ದರ ಮಾತ್ರ ಬೆಂಗಳೂರಿನದೇ. ಸ್ಪಾಟ್ ಬುಕ್ ಮಾಡುವ ಮುನ್ನ ನಿಮ್ಮ ಗಿರಾಕಿಗಳು ಓಡಾಡುವ ರಸ್ತೆಯಲ್ಲಿ, ಅವರು ಓಡಾಡುವ ಹೊತ್ತಿನಲ್ಲೇ ಕಾರಿನ ರೇಡಿಯೊ ಹಾಕಿ ನೋಡಿ. ಬೆಂಗಳೂರಿಗೆ ಹತ್ತಿರದ ಮಾಲೂರು ಕಡೆಯ ಗಿರಾಕಿಗಾದರೆ ಜಾಹೀರಾತು ಕೊಡಿ. ದೂರದ ಶ್ರೀನಿವಾಸಪುರದವರಿಗೆಂದರೆ ಆ ದುಡ್ಡಿನಲ್ಲಿ ಆಟೊಗೆ ಮೈಕು ಕಟ್ಟಿಸಿ.