ಪುಟಿಯದ ಚೆಂಡನ್ನು ಒದೆಯುವುದು ಹೇಗೆ?

ಪಂದ್ಯಕ್ಕೆ ಬಳಸುವ ಸಾಮಾನ್ಯ ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು ಕಡಿಮೆಯೆಂದರೂ 135 ಸೆಂಟಿಮೀಟರ್ ಪುಟಿಯಬೇಕು. ಅಷ್ಟೇ ಎತ್ತರದಿಂದ ಒಂದು ಫುಟ್‌ಬ್ಯಾಗ್ ಬಿಟ್ಟು ನೋಡಿ. ತೊಪ್ಪನೆ ಬಿದ್ದು ಅಲ್ಲೇ ಕೂತುಬಿಡುತ್ತದೆ.

ಹ್ಯಾಕಿ ಸ್ಯಾಕ್ ಅಂದರೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬಹುದು. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಬಟ್ಟೆ ಚೆಂಡು, ಒಳಗೆ ಮರಳೋ ಪ್ಲಾಸ್ಟಿಕ್ ಗುಂಡುಗಳೋ. ಕೈ ತಾಕಿಸದೆ, ನೆಲಕ್ಕೆ ಬೀಳಿಸದೆ ಕಾಲಲ್ಲೇ ಆಡಿಸಬೇಕು. ಇವತ್ತಿನ ರೂಪದಲ್ಲಿ ಇದು ಶುರುವಾಗಿದ್ದು 1972ರಲ್ಲಿ, ಅಮೆರಿಕದ ಒರೆಗಾನ್ ಸಿಟಿಯಲ್ಲಿ. ಮೈಕ್ ಮಾರ್ಷಲ್ ತಾನೇ ಮಾಡಿಕೊಂಡಿದ್ದ ಚೀಲವನ್ನು ಒದ್ದು ಆಡುತ್ತಿದ್ದ. ಮೊಣಕಾಲಿನ ಆಪರೇಷನ್ ಆಗಿ ಸುಧಾರಿಸಿಕೊಳ್ಳುತ್ತಿದ್ದ ಜಾನ್ ಸ್ಟಾಲ್‌ಬರ್ಗರ್ ಅವನ ಜೊತೆ ಸೇರಿಕೊಂಡ. ಮಾರ್ಷಲ್ 1975ರಲ್ಲಿ, ಇನ್ನೂ 28ರ ವಯಸ್ಸಿನಲ್ಲೇ, ಹೃದಯಾಘಾತದಿಂದ ತೀರಿಹೋದ. ಆಟವನ್ನು ಊರೂರಿಗೆ ಕೊಂಡೊಯ್ದದ್ದು ಸ್ಟಾಲ್‌ಬರ್ಗರ್.

ಬ್ಯಾಗ್ ಪುಟಿಯದಿರುವುದಕ್ಕೆ ಕಾರಣ ಒಳಗಿನ ಕಾಳು. ಅದು ಬಡಿದ ಕೂಡಲೇ ಕಾಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಉಜ್ಜಾಡಿ, ಬಿದ್ದ ವೇಗದಲ್ಲಿದ್ದ ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಹಾಗಾಗಿ ಫುಟ್‌ಬಾಲಿನ ಹಾಗೆ ಕಾಲು ಅಡ್ಡ ಹಿಡಿದರೆ ಸಾಕು, ತಾನೇ ಚಿಮ್ಮುತ್ತದೆ ಅನ್ನುವ ಹಾಗಿಲ್ಲ. ಮೇಲೇರಲು ಬೇಕಾದ ವೇಗವೆಲ್ಲ ನಿಮ್ಮ ಪಾದದಿಂದಲೇ ಬರಬೇಕು. ಆದರೆ ಇದರಲ್ಲೇ ಒಂದು ಲಾಭವೂ ಇದೆ. ಬ್ಯಾಗ್ ಎಲ್ಲಿಂದ ಬಂತು ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಪಾದ ಯಾವ ಕಡೆ ಮುಖ ಮಾಡಿ ಮೇಲೆದ್ದಿತೋ ಹೆಚ್ಚುಕಡಿಮೆ ಆ ಕಡೆಗೇ ಅದು ಹೋಗುತ್ತದೆ.

ಅಂದರೆ ಕಿಕ್ ಕೆಟ್ಟರೆ ಮೊದಲು ಪಾದದ ಓರೆ ನೋಡಬೇಕು. ಎಲ್ಲಕ್ಕಿಂತ ಮೊದಲು ಕಲಿಯುವುದು ಇನ್‌ಸೈಡ್ ಕಿಕ್. ಪಾದದ ಒಳಬದಿ, ಹಿಮ್ಮಡಿಗೂ ಹೆಬ್ಬೆರಳಿಗೂ ನಡುವಿನ ಜಾಗ, ಆಕಾಶ ನೋಡಬೇಕು. ಇದು ಬರೀ ಕಣಕಾಲು ತಿರುಚಿದರೆ ಆಗುವ ಕೆಲಸವಲ್ಲ. ತೊಡೆ ಸೊಂಟದ ಕೀಲಿನಲ್ಲಿ ಹೊರಕ್ಕೆ ತಿರುಗಬೇಕು, ಮೊಣಕಾಲು ಪಕ್ಕಕ್ಕೆ ಹೋಗಬೇಕು. ನಿಂತಿರುವ ಕಾಲನ್ನು ಕೊಂಚ ಮಡಚಿಕೊಂಡಿದ್ದರೆ ಪಾದವನ್ನು ಸಮತಟ್ಟಾಗಿ ಎತ್ತುವುದು ಸಲೀಸು. ಕೋಲಿನ ಹಾಗೆ ನೆಟ್ಟಗೆ ನಿಂತವರ ಪಾದ ಯಾವಾಗಲೂ ಸ್ವಲ್ಪ ವಾಲಿರುತ್ತದೆ.

ಆ ‘ಸ್ವಲ್ಪ’ಕ್ಕೆ ಎಷ್ಟು ಬೆಲೆ ಗೊತ್ತಾ? ಬ್ಯಾಗ್ ಪಾದದಿಂದ ಒಂದು ಮೀಟರ್ ಮೇಲೇರುವ ಹಾಗೆ ಒದ್ದಿರಿ ಅಂದುಕೊಳ್ಳಿ. ದಿಕ್ಕು 10 ಡಿಗ್ರಿ ತಪ್ಪಿದರೆ ಅದು ಸುಮಾರು 70 ಸೆಂಟಿಮೀಟರ್ ಆಚೆ ಇಳಿಯುತ್ತದೆ. ಅಷ್ಟು ದೂರ ಹೋಗಲು ನಿಮಗೆ ಸಿಗುವುದು 0.9 ಸೆಕೆಂಡ್. ಹೊಸಬರು ಏನು ಮಾಡುತ್ತಾರೆ? ಸಮಯ ಸಿಗಲಿ ಅಂತ ಇನ್ನೂ ಜೋರಾಗಿ ಒದೆಯುತ್ತಾರೆ. ಅಲ್ಲೇ ಎಡವಟ್ಟಾಗುವುದು. ಎತ್ತರ ಎರಡರಷ್ಟಾದರೆ ಆಚೆ ಬೀಳುವ ದೂರವೂ ಎರಡರಷ್ಟು, 140 ಸೆಂಟಿಮೀಟರ್. ಸಮಯ ಮಾತ್ರ 0.9ರಿಂದ ಸುಮಾರು 1.3 ಸೆಕೆಂಡಿಗೆ ಏರುತ್ತದೆ, ಅಷ್ಟೇ. ಹೆಚ್ಚು ಸಮಯ ಕೊಂಡುಕೊಂಡು ಅದಕ್ಕಿಂತ ಹೆಚ್ಚು ಓಡಾಟ ತಲೆಗೆ ಕಟ್ಟಿಕೊಂಡ ಹಾಗಾಯಿತು, ಅಲ್ವಾ?

ದಾಖಲೆ ನೋಡಿದರೂ ಇದೇ ಕಾಣುತ್ತದೆ. 1997ರ ಜೂನ್ 14ರಂದು ಇಲಿನಾಯ್ ರಾಜ್ಯದ ಮೌಂಟ್ ಪ್ರಾಸ್ಪೆಕ್ಟ್‌ನಲ್ಲಿ ಟೆಡ್ ಮಾರ್ಟಿನ್ ಒಂದು ಸಲವೂ ಬೀಳಿಸದೆ 63,326 ಕಿಕ್ ಹೊಡೆದರು, 8 ಗಂಟೆ 50 ನಿಮಿಷ 42 ಸೆಕೆಂಡಿನಲ್ಲಿ. ಭಾಗಿಸಿ ನೋಡಿದರೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಕಿಕ್. ಅರ್ಧ ಸೆಕೆಂಡಿನಲ್ಲಿ ಮೇಲೆ ಹೋಗಿ ಕೆಳಗೆ ಬರುವ ವಸ್ತು ಹೆಚ್ಚೆಂದರೆ ಒಂದು ಅಡಿ ಏರಬಹುದು. ಶುರುವಿನಲ್ಲೇ ಯಾರೂ ಅಷ್ಟು ತಗ್ಗಿನಲ್ಲಿ ಆಡಲಾರರು, ನಿಜ. ಎದೆ ಮಟ್ಟ ಸಾಕು. ಕೈಯಿಂದ ಬಿಡಿ, ಒಂದೇ ಕಿಕ್ ಹೊಡೆಯಿರಿ, ಕೈಯಲ್ಲೇ ಹಿಡಿಯಿರಿ. ಬ್ಯಾಗ್ ನೆಟ್ಟಗೆ ಕೈಗೆ ಬರುವವರೆಗೂ ಎರಡನೇ ಕಿಕ್ಕಿನ ಆಸೆ ಬೇಡ.

ಇನ್ನು ಸ್ಟಾಲ್. ಬೀಳುವ ಬ್ಯಾಗನ್ನು ಪಾದದ ಮೇಲೆ ಹಾಗೇ ನಿಲ್ಲಿಸಿಬಿಡುವುದು. ನೋಡುವವರಿಗೆ ಮ್ಯಾಜಿಕ್ಕಿನಂತೆ ಕಾಣುತ್ತದೆ. ಪುಟಿಯದ ಬ್ಯಾಗ್ ಆದ್ದರಿಂದ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಉಳಿದರ್ಧಕ್ಕೆ ಕ್ರಿಕೆಟ್ ಆಡಿದವರಿಗೆ ಹೆಚ್ಚು ಹೇಳಬೇಕಿಲ್ಲ: ಜೋರಾಗಿ ಬಂದ ಕ್ಯಾಚನ್ನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾ ಹಿಡಿಯುತ್ತೇವಲ್ಲ, ಹಾಗೆ. ಒಂದು ಮೀಟರ್ ಬಿದ್ದು ಬಂದ ಬ್ಯಾಗನ್ನು 2 ಸೆಂಟಿಮೀಟರಿನಲ್ಲಿ ನಿಲ್ಲಿಸಲು ಹೋದರೆ ಅದರ ವೇಗ ಇಳಿಯುವ ರಭಸ ಗುರುತ್ವದ 50 ಪಟ್ಟು. ಪಾದವನ್ನು ಜೊತೆಯಲ್ಲೇ ಇಳಿಸುತ್ತಾ 20 ಸೆಂಟಿಮೀಟರ್ ಜಾಗ ಕೊಟ್ಟರೆ ಬರೀ 5 ಪಟ್ಟು. ಬ್ಯಾಗಿಗೆ ಜಾರಿಹೋಗಲು ನೆಪವೇ ಇರುವುದಿಲ್ಲ.

ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಅದು ಬೀಳುವವರೆಗೆ ಕಾಯಲೇಬೇಡಿ. ಬ್ಯಾಗ್ ತುದಿ ಮುಟ್ಟಿ ಇಳಿಯಲು ಶುರು ಮಾಡಿದಾಗ ಅದರ ವೇಗ ತೀರಾ ಕಡಿಮೆ. ಆಗಲೇ ಪಾದವನ್ನು ಮೇಲೊಯ್ದು, ಅದರ ಕೆಳಗೆ ಸೇರಿಸಿ, ಜೊತೆಗೇ ಇಳಿಸಿ. ಟೋ ಸ್ಟಾಲ್‌ನಲ್ಲಾದರೆ, ಅಂದರೆ ಬ್ಯಾಗನ್ನು ಕಾಲ್ಬೆರಳುಗಳ ಮೇಲೆ ನಿಲ್ಲಿಸುವುದಾದರೆ, ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದುಕೊಂಡಿರಬೇಕು. ಪಾದ ಮುಂದಕ್ಕೆ ಇಳಿಜಾರಾದರೆ ಎಷ್ಟು ಮೆತ್ತಗೆ ಹಿಡಿದರೂ ಬ್ಯಾಗ್ ಉರುಳಿ ಹೋಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಕಣ್ಣು ಬ್ಯಾಗಿನ ಮೇಲಿರುತ್ತದೆ, ಬೆರಳು ತನ್ನಷ್ಟಕ್ಕೆ ಕೆಳಗೆ ಬಾಗಿರುತ್ತದೆ.

ಬ್ಯಾಗ್ ಹೊಸದಾಗಿದ್ದು ತುಂಬಾ ಬಿಗಿಯಾಗಿದ್ದರೂ ಸ್ಟಾಲ್ ಕಷ್ಟ. ಕಾಳುಗಳಿಗೆ ಸರಿದಾಡಲು ಜಾಗವಿದ್ದರೆ ತಾನೇ ಬ್ಯಾಗ್ ಚಪ್ಪಟೆಯಾಗಿ ಪಾದಕ್ಕೆ ಅಂಟಿಕೊಳ್ಳುವುದು? ನಾಲ್ಕು ದಿನ ಹಿಸುಕಿ, ಒದ್ದು ಪಳಗಿಸಿ. ಶೂ ಕೂಡ ಅಷ್ಟೇ. ಪಳಗಿದ ಆಟಗಾರರು ಬೆರಳ ತುದಿಯ ಹತ್ತಿರದ ಒಂದೆರಡು ಜೊತೆ ತೂತುಗಳನ್ನು ಬಿಟ್ಟು, ಮೇಲಿನ ತೂತಿನಿಂದ ಲೇಸ್ ಕಟ್ಟುತ್ತಾರೆ. ಆಗ ಶೂನ ಮುಂಭಾಗ ಅಗಲವಾಗಿ ಬಾಯಿಬಿಟ್ಟು, ಬೆರಳು ಎತ್ತಿದಾಗ ಅಲ್ಲೊಂದು ಸಣ್ಣ ತಗ್ಗು ಆಗುತ್ತದೆ. ಬ್ಯಾಗ್ ನಿಲ್ಲಲು ಅಷ್ಟು ಸಾಕು.