ಮರಿಯನ್ನು ಮುಟ್ಟಿದರೆ ತಾಯಿಹಕ್ಕಿ ಬಿಟ್ಟುಹೋಗುತ್ತದಾ?

ಪ್ರಶ್ನೆ: ಕಲಬುರಗಿಯ ಪಬ್ಲಿಕ್ ಗಾರ್ಡನ್‌ಗೆ ವಾಕಿಂಗ್ ಹೋದಾಗ ಬೇವಿನ ಗಿಡದ ಕೆಳಗೆ ಬುಲ್‌ಬುಲ್ ಮರಿ ಕೂತಿತ್ತು. ಎತ್ತಲು ಹೋದರೆ ಜೊತೆಗಿದ್ದವರು ತಡೆದರು. ಮನುಷ್ಯರ ವಾಸನೆ ಹತ್ತಿದರೆ ತಾಯಿ ಸೇರಿಸಲ್ಲವಂತೆ. ನಿಜವೇ?

ಉತ್ತರ: ಅಲ್ಲ. ಉಗಾದಿ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಆದ್ದರಿಂದ ಇವತ್ತು ಬಿಡಿಸಿಯೇ ಹೇಳುತ್ತೇನೆ.

ಹಕ್ಕಿ ತನ್ನ ಮರಿಯನ್ನು ಮೂಸಿ ನೋಡಿ ಒಪ್ಪಿಕೊಳ್ಳುವುದಿಲ್ಲ. ಮರಿಯ ಕೂಗು, ತೆರೆದ ಬಾಯಿ, ಅದು ಇರುವ ಜಾಗ ಇವೇ ಮುಖ್ಯ. ಸಂಶೋಧಕರು ಗೂಡಿನಿಂದ ಮರಿ ತೆಗೆದು, ತೂಕ ನೋಡಿ, ಕಾಲಿಗೆ ಉಂಗುರ ಹಾಕಿ ವಾಪಸ್ ಇಡುತ್ತಾರೆ. ತಂದೆತಾಯಿ ಬಂದು ಎಂದಿನಂತೆ ಗುಟುಕು ಕೊಡುತ್ತವೆ. ಅಷ್ಟು ದೂರ ಯಾಕೆ, ಕಾಗೆಯನ್ನೇ ನೋಡಿ. ಕೋಗಿಲೆಯ ಮರಿಯನ್ನು ತನ್ನದೆಂದೇ ಸಾಕುತ್ತದೆ. ಬೇರೆ ಜಾತಿಯ ಮರಿಗೇ ತುತ್ತು ಕೊಡುವ ಹಕ್ಕಿ, ನಿಮ್ಮ ಕೈ ತಾಗಿತೆಂದು ಸ್ವಂತ ಮರಿಯನ್ನು ಬಿಡುತ್ತದೆಯೇ?

ಮತ್ತೆ ತಾಯಿ ಯಾಕೆ ಬರಲಿಲ್ಲ ಅಂತೀರಾ? ನೀವು ಅಲ್ಲೇ ನಿಂತಿದ್ದೀರಲ್ವಾ, ಅದಕ್ಕೆ. ಬಾಯಲ್ಲಿ ಹುಳ ಕಚ್ಚಿಕೊಂಡು ಮೇಲಿನ ಕೊಂಬೆಯಲ್ಲಿ ಕಾಯುತ್ತಿರುತ್ತದೆ. ದೂರ ಸರಿದು ಅರ್ಧ ಗಂಟೆ ಸುಮ್ನೆ ನೋಡಿ.

ಗೂಡಿನ ಹತ್ತಿರ ಮತ್ತೆಮತ್ತೆ ಹೋಗಿ ಕಾಡಿದರೆ ಕೆಲವು ಹಕ್ಕಿಗಳು ಗೂಡು ಬಿಡುವುದುಂಟು. ಕಟ್ಟುವಾಗ, ಮೊಟ್ಟೆ ಇಟ್ಟ ಹೊಸದರಲ್ಲಿ ಇದು ಜಾಸ್ತಿ. ಅದಕ್ಕೆ ಕಾರಣ ಭಯ, ವಾಸನೆಯಲ್ಲ. ನಮ್ಮ ಕಡೆ ಇನ್ನೊಂದು ಅಪಾಯವಿದೆ. ಬಿಸಿಲು 40 ಡಿಗ್ರಿ ದಾಟಿದಾಗ ತಾಯಿ ರೆಕ್ಕೆ ಬಿಡಿಸಿ ಮೊಟ್ಟೆ, ಮರಿಗಳಿಗೆ ನೆರಳು ಕೊಡುತ್ತದೆ. ಆಗ ಫೋಟೋಗೆಂದು ಅದನ್ನು ಎಬ್ಬಿಸಿದರೆ ಗೂಡಿನಲ್ಲಿರುವುದೆಲ್ಲ ಬೆಂದುಹೋಗಬಹುದು. ದಯವಿಟ್ಟು ಬೇಡ.

ಇನ್ನು ನಿಮ್ಮ ಮರಿ. ಮೈತುಂಬ ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಬಿದ್ದಿದ್ದಲ್ಲ, ತಾನಾಗಿ ಹೊರಬಂದಿದ್ದು. ಬುಲ್‌ಬುಲ್ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ನಾಯಿ, ಬೆಕ್ಕಿನ ಕಾಟವಿದ್ದರೆ ಹತ್ತಿರದ ಪೊದೆಯಲ್ಲಿ ಬಿಡಿ, ಸಾಕು. ಪುಕ್ಕವೇ ಬಂದಿಲ್ಲವೆಂದರೆ ಗೂಡಿಗೆ ವಾಪಸ್ ಇಡಿ. ಬಾಯಿಗೆ ಮಾತ್ರ ನೀರು ಹಾಕಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಅದರೊಳಗೆ ಹೋದರೆ ಮರಿ ಸಾಯುತ್ತದೆ.

ಕೋಗಿಲೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕುಹೂ ಎಂದು ಕೂಗುವ ಕಪ್ಪು ಹಕ್ಕಿ ಗಂಡು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದು ಕಿಕ್-ಕಿಕ್-ಕಿಕ್ ಎಂದು ಚೀರುತ್ತದೆ. ತುಂಬ ಜನ ಇದು ಬೇರೆಯೇ ಹಕ್ಕಿ ಅಂದುಕೊಂಡಿದ್ದಾರೆ. ಕಾಗೆಗಳು ಇಂಥ ಚುಕ್ಕೆ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಆಸುಪಾಸಿನ ಗಿಡದ ತುದಿಯನ್ನು ನೋಡಿ. ಕಾಗೆ ಗೂಡು ಅಲ್ಲೇ ಎಲ್ಲೋ ಇರುತ್ತದೆ.